ಓಡಿದವರ ವೇಗ, ಅಳೆದವರ ಹೊಣೆ

2009ರ ಆಗಸ್ಟ್ 16ರಂದು ಬರ್ಲಿನ್‌ನ ಒಲಿಂಪಿಕ್ ಕ್ರೀಡಾಂಗಣದಲ್ಲಿ ಜಮೈಕಾದ ಉಸೇನ್ ಬೋಲ್ಟ್ ವಿಶ್ವ ಚಾಂಪಿಯನ್‌ಷಿಪ್‌ನ ನೂರು ಮೀಟರ್ ಓಟವನ್ನು 9.58 ಸೆಕೆಂಡುಗಳಲ್ಲಿ ಮುಗಿಸಿದರು. ಅದೇ ಕ್ರೀಡಾಂಗಣದಲ್ಲಿ 1936ರಲ್ಲಿ ಜೆಸ್ಸಿ ಓವೆನ್ಸ್ ಚಿನ್ನ ಗೆದ್ದದ್ದು 10.3 ಸೆಕೆಂಡುಗಳಲ್ಲಿ. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು, ಮನುಷ್ಯನ ಕಾಲು ಇಷ್ಟು ಚುರುಕಾಯಿತು ಎಂದು ಲೆಕ್ಕ ಹಾಕುವುದು ನಮಗೆ ರೂಢಿ. ಆ ಲೆಕ್ಕ ತಪ್ಪು. ಓವೆನ್ಸ್ ಓಡಿದ್ದು ಕಲ್ಲಿದ್ದಲ ಕಿಟ್ಟ ಹಾಸಿದ ನೆಲದ ಮೇಲೆ. ಅಂದಿನ ಓಟಗಾರರು ಪುಟ್ಟ ಕರಣೆಯಿಂದ ತಾವೇ ಗುಳಿ ತೋಡಿ ಅದರಲ್ಲಿ ಕಾಲೂರಿ ಹೊರಡುತ್ತಿದ್ದರು. ಬೋಲ್ಟ್‌ಗೆ ಸಿಂಥೆಟಿಕ್ ಟ್ರ್ಯಾಕ್ ಇತ್ತು, ಸ್ಟಾರ್ಟಿಂಗ್ ಬ್ಲಾಕ್ ಇತ್ತು, ಸೆಕೆಂಡಿನ ನೂರನೇ ಭಾಗವನ್ನೂ ಹಿಡಿಯುವ ಕ್ಯಾಮೆರಾ ಇತ್ತು.

ಇದರಿಂದ ಬೋಲ್ಟ್ ಸಾಧನೆ ಕುಗ್ಗುವುದಿಲ್ಲ. ಹಿಂದಿನ ವರ್ಷ ಬೀಜಿಂಗ್‌ನಲ್ಲಿ ತಾವೇ ಬರೆದ 9.69ರಿಂದ ಒಂದೇ ಏಟಿಗೆ 0.11 ಸೆಕೆಂಡು ಇಳಿಸಿದ ಓಟ ಅದು. ಆ ಓಟದ ಹಿರಿಮೆಗೆ ನಿಜವಾದ ಸಾಕ್ಷಿ ಓವೆನ್ಸ್ ಅಲ್ಲ, ಪಕ್ಕದಲ್ಲೇ ಓಡಿದ ಟೈಸನ್ ಗೇ. ಅವರ 9.71 ಹಳೆಯ ವಿಶ್ವದಾಖಲೆಗೆ ಕೂದಲೆಳೆಯ ಹತ್ತಿರವಿತ್ತು; ಆದರೂ ಸಿಕ್ಕಿದ್ದು ಬೆಳ್ಳಿ. ಒಂದೇ ಗಾಳಿ, ಒಂದೇ ನೆಲ, ಒಂದೇ ಗುಂಡಿನ ಸದ್ದು. ಅಂಕಿಗೆ ಅರ್ಥ ಬರುವುದು ಹೀಗೆ ಎಲ್ಲರಿಗೂ ಅಳತೆ ಒಂದೇ ಆಗಿದ್ದಾಗ. 1984ರ ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡದ್ದು ಇಂದಿಗೂ ನಮಗೆ ನೋವು. ಆದರೆ ಇಬ್ಬರು ಓಟಗಾರ್ತಿಯರನ್ನೂ ತೂಗಿದ್ದು ಒಂದೇ ಕ್ಯಾಮೆರಾ ಆದ್ದರಿಂದ ಅದನ್ನು ಅನ್ಯಾಯ ಎನ್ನಲಾರೆವು.

ಹಾಗಾದರೆ ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ದಿನಗಳಲ್ಲಿ ಓಡಿದವರನ್ನು ಒಂದೇ ಪಟ್ಟಿಯಲ್ಲಿ ಕೂರಿಸುವುದು ಹೇಗೆ? ಅದಕ್ಕಾಗಿಯೇ ನಿಯಮಗಳಿವೆ. ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2.0 ಮೀಟರ್ ಮೀರಿದರೆ ದಾಖಲೆ ಇಲ್ಲ. ಬರ್ಲಿನ್‌ನಲ್ಲಿ ಅದು 0.9 ಇತ್ತು. ಆದರೆ ಎತ್ತರಕ್ಕೆ ಮಿತಿಯೇ ಇಲ್ಲ. ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಮೇಲಿರುವ ಮೆಕ್ಸಿಕೊ ನಗರದ ತೆಳುಗಾಳಿ ಓಟಗಾರನನ್ನು ಕಡಿಮೆ ತಡೆಯುತ್ತದೆ. 1968ರಲ್ಲಿ ಜಿಮ್ ಹೈನ್ಸ್ ಅಲ್ಲಿ ಓಡಿದ 9.95 ಹದಿನೈದು ವರ್ಷ ಅಲುಗಲಿಲ್ಲ. 1983ರಲ್ಲಿ ಕ್ಯಾಲ್ವಿನ್ ಸ್ಮಿತ್ 9.93ಕ್ಕೆ ಅದನ್ನು ಮುರಿದದ್ದೂ ಕೊಲರಾಡೊದ ಎತ್ತರದಲ್ಲೇ. ಬೀಸುವ ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಂಡು ತೆಳುಗಾಳಿಯನ್ನು ಬಿಟ್ಟರೆ ಆ ನಿಯಮ ಅರ್ಧ ನಿಯಮ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಮಹಿಳೆಯರ ದಾಖಲೆ. 1988ರ ಜುಲೈನಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ 10.49 ಸೆಕೆಂಡುಗಳಲ್ಲಿ ಓಡಿದಾಗ ಗಾಳಿಮಾಪಕ ಸೊನ್ನೆ ತೋರಿಸಿತು. ಅದೇ ಹೊತ್ತಿಗೆ ಪಕ್ಕದಲ್ಲಿ ನಡೆಯುತ್ತಿದ್ದ ಟ್ರಿಪಲ್ ಜಂಪ್‌ನ ಮಾಪಕ ಜೋರು ಗಾಳಿಯನ್ನು ದಾಖಲಿಸುತ್ತಿತ್ತು. ಜಾಯ್ನರ್ ವೇಗದ ಬಗ್ಗೆ ನನ್ನ ತಕರಾರಿಲ್ಲ. ಮರುದಿನ ನಿಯಮದೊಳಗಿನ ಗಾಳಿಯಲ್ಲೇ ಅವರು 10.61ಕ್ಕೆ ಓಡಿದರು. ತಕರಾರು ಆ ಸೊನ್ನೆಯ ಬಗ್ಗೆ. ಅದರ ಬೆಲೆ ತೆರುತ್ತಿರುವವರು ಆಮೇಲೆ ಬಂದ ಓಟಗಾರ್ತಿಯರು. 2021ರಲ್ಲಿ ಯೂಜೀನ್‌ನಲ್ಲಿ 10.54ಕ್ಕೆ ಓಡಿದ ಎಲೇನ್ ಥಾಂಪ್ಸನ್ ಹೆರಾ ಅವರಿಗೆ ವಿಶ್ವದಾಖಲೆ ಸಿಗಲಿಲ್ಲ.

ಹಳೆಯ ದಾಖಲೆಯನ್ನು ಮುಟ್ಟಬಾರದು ಎಂಬ ಮಾತು ನಿಲ್ಲುವುದಿಲ್ಲ. ಬೆನ್ ಜಾನ್ಸನ್ ರೋಮ್‌ನಲ್ಲಿ 1987ರಲ್ಲಿ ಓಡಿದ 9.83 ದಾಖಲೆಯೆಂದು ಮಾನ್ಯವಾಗಿತ್ತು. ಉದ್ದೀಪನ ಮದ್ದು ಸೇವನೆಯನ್ನು ಅವರೇ ಒಪ್ಪಿಕೊಂಡ ಮೇಲೆ ಅದನ್ನು ಪಟ್ಟಿಯಿಂದ ತೆಗೆದುಹಾಕಲಾಯಿತು. ಓಟಗಾರನ ತಪ್ಪಿಗೆ ದಾಖಲೆ ಅಳಿಸಬಲ್ಲ ಸಂಸ್ಥೆ, ತನ್ನ ಮಾಪಕದ ಮೇಲಿನ ಸಂಶಯವನ್ನೂ ಅಷ್ಟೇ ಗಂಭೀರವಾಗಿ ಕಾಣಬೇಕು. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 10.49ನ್ನು ಬದಿಗಿಟ್ಟು, ಜಾಯ್ನರ್ ಹೆಸರಿನಲ್ಲೇ 10.61 ಬರೆದು, ಅದರ ಮೇಲೆ ಥಾಂಪ್ಸನ್ ಹೆರಾ ಅವರ 10.54ನ್ನು ವಿಶ್ವದಾಖಲೆ ಎಂದು ಘೋಷಿಸಬೇಕು.