ಪ್ರಾಣಿ ನೋಡಿ ಕೋವಿ ಆರಿಸಬೇಡಿ, ಗದ್ದೆಯ ಆಚೆ ಏನಿದೆ ನೋಡಿ

ಭತ್ತ ಹಾಲು ತುಂಬುವ ಹೊತ್ತಿಗೆ ಸರಿಯಾಗಿ ಹಂದಿ ಇಳೀತದೆ. ಅದರ ಜೊತೆಗೇ ಪ್ರತಿ ವರ್ಷ ಒಂದು ಪ್ರಶ್ನೆಯೂ ಬರ್ತದೆ. ಕೇಳುವವರು ಹೆಚ್ಚಾಗಿ ಮೊಬೈಲಿನಲ್ಲಿ ಅಮೆರಿಕದ ಶಿಕಾರಿ ವಿಡಿಯೋ ನೋಡಿದ ನಮ್ಮ ಹುಡುಗರು. "ಹಂದಿಗೆ, ಕಡವೆಗೆ ಯಾವ ರೈಫಲ್ ಒಳ್ಳೇದು? .315 ಸಾಕಾ, .30-06 ಬೇಕಾ?" ಅಂತ. ಒಬ್ಬೊಬ್ಬರಿಗೇ ಹೇಳಿ ಸಾಕಾಯ್ತು. ಒಂದೇ ಸಲ ಎಲ್ಲರಿಗೂ ಬರೀತಾ ಇದ್ದೇನೆ.

ಮೊದಲು ಆ ನಂಬರು ಅಂದ್ರೆ ಎಂತ ನೋಡುವ. ಅದು ನಳಿಗೆಯ ಅಳತೆ. .315 ಅಂದ್ರೆ ಇಂಚಿನ ಲೆಕ್ಕ, ನಮ್ಮ ಲೆಕ್ಕದಲ್ಲಿ 8 ಮಿಲಿಮೀಟರ್. ನಮ್ಮ ದೇಶದ ಆರ್ಡನೆನ್ಸ್ ಫ್ಯಾಕ್ಟರಿಯಲ್ಲೇ ತಯಾರಾಗ್ತದೆ. .30-06 ಅಂದ್ರೆ 7.62 ಮಿಲಿಮೀಟರ್ ಗುಂಡು; ಹಿಂದಿನ 06 ಅಂದ್ರೆ ಅಮೆರಿಕದ ಸೈನ್ಯ ಅದನ್ನು ತೆಗೆದುಕೊಂಡ 1906ನೇ ಇಸವಿ. 12 ಬೋರಿನ ಲೆಕ್ಕ ಬೇರೆ. ಒಂದು ಪೌಂಡು ಸೀಸದಲ್ಲಿ 12 ಉಂಡೆ ಮಾಡಿದರೆ ಒಂದು ಉಂಡೆ ಎಷ್ಟು ದಪ್ಪವೋ ಅಷ್ಟು ಅಗಲದ ನಳಿಗೆ, ಹತ್ತಿರ ಹತ್ತಿರ ಹದಿನೆಂಟೂವರೆ ಮಿಲಿಮೀಟರ್. ರೈಫಲ್ ನಳಿಗೆಯ ಒಳಗೆ ತಿರುಗಣೆ ಗೆರೆ ಇರ್ತದೆ, ಗುಂಡು ತಿರುಗುತ್ತಾ ನೇರ ಹೋಗ್ತದೆ. ನಮ್ಮ ಕೇಪಿನ ಕೋವಿ, 12 ಬೋರು ಎರಡಕ್ಕೂ ಒಳಗೆ ನುಣುಪು.

ಈಗ ನಮ್ಮ ಜಾಗ ನೋಡಿ. ಅಂಕೋಲೆಯ ಹಿಲ್ಲೂರು, ಅಗಸೂರು ಕಡೆಯಾಗಲಿ, ಕಾರವಾರದ ದೇವಳಮಕ್ಕಿ, ಕದ್ರಾ ಕಡೆಯಾಗಲಿ, ಬೆಟ್ಟದ ಬುಡಕ್ಕೆ ಗದ್ದೆ, ಗದ್ದೆ ಮುಗಿದಲ್ಲಿ ತೋಟ, ತೋಟದ ಆಚೆ ಮನೆ. ಹಂದಿ ಬೆಟ್ಟದಿಂದ ಇಳಿದು ಗದ್ದೆಗೆ ಬಂದಾಗ ಅದರ ಬೆನ್ನ ಹಿಂದೆ ಒಂದೋ ಬೆಟ್ಟ ಇರ್ತದೆ, ಇಲ್ಲಾ ಯಾರದೋ ಕೊಟ್ಟಿಗೆ ಇರ್ತದೆ. ರಾತ್ರಿ ಬ್ಯಾಟರಿ ಬೆಳಕಿನಲ್ಲಿ ಹಂದಿಯ ಕಣ್ಣು ಕಾಣ್ತದೆ, ಹಿಂದಿನ ಕೊಟ್ಟಿಗೆ ಕಾಣುವುದಿಲ್ಲ. .30-06 ಗುಂಡು ಗುರಿ ತಪ್ಪಿದರೆ ಮೂರು ಕಿಲೋಮೀಟರ್ ಮೇಲೆ ಹೋಗಿ ಬೀಳಬಹುದು. ನಮ್ಮಲ್ಲಿ ಮೂರು ಕಿಲೋಮೀಟರ್ ಅಂದ್ರೆ ಇನ್ನೊಂದು ಊರೇ ಬಂತು. 12 ಬೋರಿನ ಚರೆ ಕೆಲಸ ಮಾಡುವುದು ಮೂವತ್ತು-ನಲವತ್ತು ಮೀಟರ್ ಒಳಗೆ, ಆಮೇಲೆ ಬಲ ಕಳೀತದೆ. ಹಾಗಂತ ಅದೂ ಆಟದ ಸಾಮಾನಲ್ಲ. ದೊಡ್ಡ ಚರೆ ನಾಲ್ಕೈದು ನೂರು ಮೀಟರ್ ಆಚೆಗೂ ಹೋಗಿ ಬೀಳಬಹುದು. ಒಂಟಿ ಗುಂಡು ಹಾಕಿದರೆ ಇನ್ನೂ ದೂರ.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟೇ: ಪ್ರಾಣಿ ಎಷ್ಟು ದೊಡ್ಡದು ಅಂತ ನೋಡಿ ಕೋವಿ ಆರಿಸುವುದು ಅಮೆರಿಕದ ಬಯಲಿಗೆ ಸರಿ. ನಮ್ಮಲ್ಲಿ ಗದ್ದೆಯ ಆಚೆ ಏನಿದೆ ನೋಡಿ ಆರಿಸಬೇಕು. ಹಾಗೆ ನೋಡಿದರೆ ರೈಫಲ್ಲಿಗೆ ನಮ್ಮಲ್ಲಿ ಜಾಗವೇ ಇಲ್ಲ.

"ಕಡವೆಗೆ, ಕಾಡುಕೋಣಕ್ಕೆ ಚರೆ ಎಲ್ಲಿ ಸಾಕಾಗ್ತದೆ? ಗಾಯ ಮಾಡಿಕೊಂಡು ಓಡ್ತದೆ" ಅಂತ ಕೇಳ್ತಾರೆ. ಮಾತು ಖರೆ. ಅದಕ್ಕೇ ಅದರ ಮೇಲೆ ಈಡು ಹೊಡೆಯಲೇಬಾರದು. ಗಾಯಗೊಂಡ ಕೋಣ ಬೆಟ್ಟದಲ್ಲಿ ಮಲಗಿದ್ದರೆ, ಮರುದಿನ ಬೆಳಿಗ್ಗೆ ದರಕು ಗುಡಿಸಲು ಹೋದ ಹೆಂಗಸರ ಗತಿ ಎಂತ? ಕಾನೂನೂ ಹಾಗೇ ಇದೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಶಿಕಾರಿ ಬಂದ್. ಕಾಡುಕೋಣ ಒಂದನೇ ಪಟ್ಟಿಯಲ್ಲಿದೆ, ಕೊಂದರೆ ಮೂರರಿಂದ ಏಳು ವರ್ಷ ಜೈಲು. ಉರುಳು ಹಾಕುವುದು, ಆಮಿಷ ಇಡುವುದು, ಕೊಲ್ಲಲು ನೋಡುವುದು ಎಲ್ಲಾ ಶಿಕಾರಿಯ ಲೆಕ್ಕಕ್ಕೇ ಬರ್ತದೆ. ಹಂದಿಗೆ ಅಂತ ಹಾಕಿದ ಉರುಳಿಗೆ ಚಿರತೆ ಬೀಳ್ತದೆ, ತಂತಿಗೆ ಬಿಟ್ಟ ಕರೆಂಟಿಗೆ ಮನುಷ್ಯನೇ ಬೀಳ್ತಾನೆ.

ಹಂದಿ ಇರುವುದು ಎರಡನೇ ಪಟ್ಟಿಯಲ್ಲಿ. ಅದಕ್ಕೆ 11ನೇ ಕಲಮಿನಲ್ಲಿ ಒಂದು ದಾರಿ ಇದೆ. ನಿಂತ ಬೆಳೆಗೆ ಅಪಾಯ ಅಂತ ಖಾತ್ರಿಯಾದರೆ ಮುಖ್ಯ ವನ್ಯಜೀವಿ ಪರಿಪಾಲಕರು, ಇಲ್ಲಾ ಅವರು ಅಧಿಕಾರ ಕೊಟ್ಟ ಅಧಿಕಾರಿ, ಕಾರಣ ಬರೆದು ಲಿಖಿತ ಆದೇಶದಲ್ಲಿ ಅನುಮತಿ ಕೊಡಬಹುದು. ಅನುಮತಿ ಸಿಕ್ಕಿ ಹೊಡೆದರೂ ಸತ್ತ ಪ್ರಾಣಿ ಸರಕಾರದ್ದು, ಪಾಲು ಹಾಕುವಂತಿಲ್ಲ. ಕೋವಿ ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ಹೊಡೆಯಲು ಅನುಮತಿ ಇದೆ ಅಂತ ಅರ್ಥ ಅಲ್ಲ. ಇದು ಬಹಳ ಜನರಿಗೆ ಗೊತ್ತಿಲ್ಲ. "ಕೊಡಗಿನಲ್ಲಿ ಲೈಸೆನ್ಸೇ ಬೇಡ" ಅಂತಾರೆ. ಕೊಡವರಿಗೆ ಮತ್ತು ಜಮ್ಮಾ ಭೂಮಿಯವರಿಗೆ 2029ರ ತನಕ ಇರುವ ವಿನಾಯಿತಿ ಕೋವಿಯ ಲೈಸೆನ್ಸಿಗೆ ಮಾತ್ರ, ಶಿಕಾರಿಗೆ ಅಲ್ಲ.

ಹಾಗಾದ್ರೆ ಕೋವಿ ಯಾಕೆ ಬೇಕು? ನನ್ನ ಮನೆಯಲ್ಲಿ ಅಪ್ಪನ ಕಾಲದ ಒಂಟಿನಳಿಗೆ ಕೇಪಿನ ಕೋವಿ ಇದೆ. ಅದರ ಹೆಚ್ಚಿನ ಈಡೆಲ್ಲಾ ಆಕಾಶಕ್ಕೆ ಹೋದ ಬರೀ ಮದ್ದಿನ ಸದ್ದು. ಮಾಳದಲ್ಲಿ ಕುಳಿತು ಒಂದು ಸದ್ದು ಮಾಡಿದರೆ ಹಿಂಡು ಆ ರಾತ್ರಿಗೆ ಮೇಲೆ ಹತ್ತುತ್ತದೆ. ಗರ್ನಾಲಿಗೆ ಹಂದಿ ಬೇಗ ಹೊಂದಿಕೊಳ್ತದೆ, ಹಾಗಾಗಿ ಒಮ್ಮೆ ಗರ್ನಾಲು, ಒಮ್ಮೆ ಕೋವಿ, ಒಮ್ಮೆ ಡಬ್ಬಿ. ಆದರೆ ಕೇಪಿನ ಕೋವಿಯ ತೊಂದರೆ ನಿಮಗೂ ಗೊತ್ತು. ಮಳೆ ಹವೆಗೆ ಮದ್ದು ತೇವ ಹಿಡೀತದೆ, ಕೇಪು ಹಾರಿದರೂ ಈಡು ಹಾರುವುದಿಲ್ಲ. ಮತ್ತೆ ತುಂಬುವಷ್ಟರಲ್ಲಿ ಹಂದಿ ಅರ್ಧ ಗದ್ದೆ ಉರುಳಾಡಿರ್ತದೆ.

ಇಲ್ಲಿ ಒಂದು ಉಪಯೋಗದ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು, ಬೆಳೆ ರಕ್ಷಣೆಗೆ ಬಾಯಿಯಿಂದ ತುಂಬುವ ಕೋವಿಗೆ ಲೈಸೆನ್ಸ್ ಕೊಡಬೇಕು ಅಂತ ಹೇಳ್ತದೆ. ಅದರ ಕೆಳಗೇ, ಅಂಥ ಕೋವಿ ಸಾಲದು ಅಂತ ಖಾತ್ರಿಯಾದರೆ, ನಳಿಗೆ 20 ಇಂಚಿಗೆ ಕಡಿಮೆ ಇಲ್ಲದ ಬೇರೆ ನುಣುಪು ನಳಿಗೆಯ ಕೋವಿಗೂ ಕೊಡಬಹುದು ಅಂತ ಇದೆ. ಅಂದ್ರೆ ತೋಟೆ ಹಾಕುವ 12 ಬೋರು. ಕೇಳುವುದಿದ್ದರೆ ಅದನ್ನು ಕೇಳಿ. ಅರ್ಜಿಯಲ್ಲಿ ಮಳೆ, ಮದ್ದಿನ ತೇವ, ಬೆಟ್ಟದ ಅಂಚಿನ ಸರ್ವೆ ನಂಬರು ಎಲ್ಲಾ ಸ್ಪಷ್ಟ ಬರೆಯಿರಿ. 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ 3ರಿಂದ 5 ವರ್ಷ ಆಗಿದೆ, ನವೀಕರಣದ ಓಡಾಟವೂ ಕಡಿಮೆ.

ಇನ್ನು ನಾವು ಒಟ್ಟಾಗಿ ಕೇಳಬೇಕಾದ್ದು ಎರಡು.

ಒಂದು, ಅನುಮತಿ ಊರ ಹತ್ತಿರ ಬರಲಿ. 2022ರಲ್ಲಿ ಕೇರಳ ಸರಕಾರ ಬೆಳೆ ಹಾಳು ಮಾಡುವ ಹಂದಿ ಕೊಲ್ಲಲು ಆದೇಶ ಕೊಡುವ ಅಧಿಕಾರವನ್ನು ಪಂಚಾಯತ ಅಧ್ಯಕ್ಷರಿಗೇ ಕೊಟ್ಟಿತು. ವಿಷ, ಸಿಡಿಮದ್ದು, ಕರೆಂಟು ಬಳಸಬಾರದು ಅಂತ ಕರಾರೂ ಹಾಕಿತು. ಗದ್ದೆಯ ಆಚೆ ಯಾರ ಮನೆ ಇದೆ ಅಂತ ಗೊತ್ತಿರುವುದು ಪಂಚಾಯತಿಯವರಿಗೆ, ಬೆಂಗಳೂರಲ್ಲಿ ಕುಳಿತವರಿಗಲ್ಲ.

ಎರಡು, ಚುನಾವಣೆ ಬಂತು ಅಂದ ಕೂಡಲೇ ಎಲ್ಲರ ಕೋವಿಯನ್ನೂ ಠಾಣೆಗೆ ತರಿಸುವುದು ನಿಲ್ಲಲಿ. 2024ರ ಲೋಕಸಭೆಯ ನೀತಿಸಂಹಿತೆ ಮಾರ್ಚ್ 16ಕ್ಕೆ ಶುರುವಾಯ್ತು. ಅಂಕೋಲೆಯಲ್ಲಿ ಅದು ಶೇಂಗಾ ಗದ್ದೆಯಲ್ಲಿರುವ ಕಾಲ. ಚುನಾವಣಾ ಆಯೋಗದ ಸೂಚನೆಯಲ್ಲೇ ಪರಿಶೀಲನಾ ಸಮಿತಿ ಇದೆ. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆ ಇರುವವರು, ಗಲಭೆಯಲ್ಲಿದ್ದವರು, ಇಂಥವರ ಲೈಸೆನ್ಸ್ ನೋಡಿ ತೀರ್ಮಾನ ಮಾಡಿ ಅಂತ. ಶೇಂಗಾ ಕಾಯುವ ಮುದುಕನನ್ನೂ ಆ ಸಾಲಿಗೆ ಸೇರಿಸಬೇಡಿ.

ಹುಡುಗರೇ, ರೈಫಲ್ಲಿಗೆ ಕೂಡಿಟ್ಟ ದುಡ್ಡು ಇದ್ದರೆ ಐಬೆಕ್ಸ್ ಬೇಲಿಗೆ ಹಾಕಿ. ನಾಲ್ಕು ಮನೆ ಸೇರಿ ಬೆಟ್ಟದ ಅಂಚಿಗೆ ಒಂದೇ ಬೇಲಿ ಎಳೆದರೆ ಖರ್ಚೂ ಹಂಚಿಹೋಗ್ತದೆ. ಹಾನಿಯಾದರೆ ಫೋಟೋ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿ. ಅರ್ಜಿ ಇಲ್ಲದ ಹಾನಿ ಅವರ ಲೆಕ್ಕಕ್ಕೆ ಬರುವುದಿಲ್ಲ. ಮೇಲಿನ ಎರಡು ಬೇಡಿಕೆಯನ್ನು ಬರುವ ಗ್ರಾಮಸಭೆಯಲ್ಲಿ ಬರವಣಿಗೆಯಲ್ಲೇ ಕೊಡುವ. ನಮ್ಮೂರಿನದು ನಾನು ಬರೀತೇನೆ, ನಿಮ್ಮೂರಿನದು ನೀವು ಬರೆಯಿರಿ.