ವೈದ್ಯರ ಧೈರ್ಯಕ್ಕೂ ಅಳತೆ ಬೇಕು

ಗುಣವಾಗುವ ಆಶೆಯಿಲ್ಲದ ರೋಗಿಯು ಗೌರವದಿಂದ ಪ್ರಾಣಬಿಡುವ ಹಕ್ಕನ್ನು ಕಾರ್ಯರೂಪಕ್ಕೆ ತರುವ ಸುತ್ತೋಲೆಯನ್ನು ಕರ್ನಾಟಕ ಸರ್ಕಾರದ ಆರೋಗ್ಯ ಇಲಾಖೆಯವರು 2025ನೇ ಜನವರಿ 30ರಂದು ಹೊರಡಿಸಿದರು. ಸುಪ್ರೀಂ ಕೋರ್ಟು 2018ರಲ್ಲಿ ಅಂಗೀಕರಿಸಿದ ಈ ಹಕ್ಕಿನ ವಿಧಿಗಳು 2023ರಲ್ಲಿ ಸರಳವಾದುವು. ವಯಸ್ಕರಾದ ಯಾರೇ ಆಗಲಿ, ಬುದ್ಧಿ ಸ್ವಸ್ಥವಾಗಿರುವಾಗಲೇ, ಮುಂದೆ ತಮಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಬರೆದು, ಇಬ್ಬರು ಸಾಕ್ಷಿಗಳ ಸಮಕ್ಷಮ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬಹುದು. ಚಿಕಿತ್ಸೆಯನ್ನು ನಿಲ್ಲಿಸುವ ಪ್ರಸಂಗ ಬಂದಲ್ಲಿ ತಲಾ ಮೂವರು ವೈದ್ಯರ ಎರಡು ಮಂಡಲಿಗಳು ಒಂದಾದ ಮೇಲೊಂದು ಪರಿಶೀಲಿಸಬೇಕು. ದಾವಣಗೆರೆಯ ನಿವೃತ್ತ ಉಪಾಧ್ಯಾಯಿನಿ ಎಚ್. ಬಿ. ಕರಿಬಸಮ್ಮನವರು ಬಹುಕಾಲ ಹೋರಾಡಿದುದು ಈ ಹಕ್ಕಿಗಾಗಿಯೇ. ಸುತ್ತೋಲೆಯು ಸ್ತುತ್ಯರ್ಹವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಈ ಪತ್ರವನ್ನು ಬರೆಯುವುದಕ್ಕೆ ಮುನ್ನ ರೋಗಿಗೆ ತನ್ನ ರೋಗದ ನಿಜಸ್ಥಿತಿಯು ತಿಳಿದಿರಬೇಕಷ್ಟೆ. ತಿಳಿಸತಕ್ಕವರು ವೈದ್ಯರು. ಅವರಿಗೆ ಆ ಮಾತನ್ನೆತ್ತುವ ಧೈರ್ಯವುಂಟೆ?

ಮೈಸೂರಿನ ಮೊದಲ ಮುಖ್ಯಮಂತ್ರಿ ಕೆ. ಚೆಂಗಲರಾಯ ರೆಡ್ಡಿಯವರ ಹುಟ್ಟೂರಾದ ಕ್ಯಾಸಂಬಳ್ಳಿಯ ಕಡೆಯನ್ನೇ ನೋಡೋಣ. ಸಮೀಪದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದುವು. ಆದರೆ ಗಣಿಯ ಧೂಳಿನಿಂದ ಬರುವ ಸಿಲಿಕೋಸಿಸ್ ರೋಗವು ಕೆಲಸ ಬಿಟ್ಟ ಮೇಲೂ ಬೆಳೆಯಬಲ್ಲುದು. ಗಟ್ಟಿಯಾದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. ಇಂಥ ರೋಗಿಗೆ ಉಸಿರಾಟವು ವರ್ಷಗಟ್ಟಲೆ ಕುಗ್ಗುತ್ತ ಬರುವುದರಿಂದ ಯೋಚಿಸಲು ಕಾಲವಿರುತ್ತದೆ. ಊರ ಆಸ್ಪತ್ರೆಯಲ್ಲಿ ಸಮಾಧಾನದಿಂದ ಆಡಬೇಕಾದ ಮಾತನ್ನು ಬೆಂಗಳೂರಿನಲ್ಲಿ ಬಾಯಿಗೆ ನಳಿಕೆ ತೂರಿಸಿದ ಮೇಲೆ ಆಡಹೊರಟರೆ ಕೇಳುವವರಾರು, ಉತ್ತರ ಕೊಡುವವರಾರು? "ಅಪ್ಪನಿಗೆ ಹೇಳಬೇಡಿ ಸ್ವಾಮಿ" ಎಂದು ಮಗನು ಬಾಗಿಲಲ್ಲೇ ಬೇಡಿಕೊಂಡರೆ ವೈದ್ಯರು ಸುಮ್ಮನಾಗುವುದು ಸಹಜ. ಕನ್ನಡ, ತೆಲುಗು, ತಮಿಳು ಬೆರೆತ ಈ ಸೀಮೆಯಲ್ಲಿ ರೋಗಿಯ ಮನೆಮಾತಿನ ಪ್ರಶ್ನೆಯೂ ಉಂಟು.

ಆದುದರಿಂದ ಎಷ್ಟು ಪತ್ರಗಳು ಬಂದುವೆಂದು ಎಣಿಸುವುದಕ್ಕೆ ಮುನ್ನ ವೈದ್ಯರ ಆತ್ಮವಿಶ್ವಾಸವನ್ನು ಅಳೆಯತಕ್ಕದ್ದು. "ನಿಮಗೆ ಧೈರ್ಯವುಂಟೆ" ಎಂದು ಒಟ್ಟಾಗಿ ಕೇಳಿದರೆ ಫಲವಿಲ್ಲ. ರೋಗವು ವಾಸಿಯಾಗದೆಂದು ಹೇಳಬಲ್ಲಿರಾ, ರೋಗಿಯ ಪರವಾಗಿ ಯಾರು ನಿರ್ಧರಿಸಬೇಕೆಂದು ವಿಚಾರಿಸಬಲ್ಲಿರಾ, ಮನೆಯವರು ತಡೆದಾಗ ಮಾತು ಮುಂದುವರಿಸಬಲ್ಲಿರಾ ಎಂದು ಒಂದೊಂದು ಕಾರ್ಯಕ್ಕೂ ಬೇರೆಬೇರೆಯಾಗಿ ಸೊನ್ನೆಯಿಂದ ಹತ್ತರವರೆಗೆ ಅಂಕ ಕೇಳಬೇಕು. ಹೆಸರನ್ನು ಕೇಳಬಾರದು, ವರ್ಗಾವಣೆಗೂ ಬಡ್ತಿಗೂ ಇದು ತಾಗುವುದೆಂಬ ಶಂಕೆ ಹುಟ್ಟಿದರೆ ಎಲ್ಲರೂ ಹತ್ತನ್ನೇ ಬರೆದಾರು.

ಆತ್ಮವಿಶ್ವಾಸವೇ ಸಾಮರ್ಥ್ಯವಲ್ಲವೆಂಬುದೂ ನೆನಪಿರಲಿ. ಅಮೆರಿಕದಲ್ಲಿ 343 ವೈದ್ಯರು ಸಾವಿನಂಚಿನ 468 ರೋಗಿಗಳ ಆಯುಷ್ಯವನ್ನು ಅಂದಾಜು ಮಾಡಿದ ಪರಿಯು 2000ರಲ್ಲಿ ಪ್ರಕಟವಾಯಿತು. ನೂರಕ್ಕೆ 20 ಅಂದಾಜುಗಳು ಮಾತ್ರ ಸರಿಯಾಗಿದ್ದುವು. 63 ಅತಿಯಾದ ಆಶೆಯವು. ರೋಗಿಯ ಪರಿಚಯವು ಹಳೆಯದಾದಷ್ಟೂ ತಪ್ಪು ಹೆಚ್ಚು! ಮಮತೆಯೂ ಕಣ್ಣನ್ನು ಮರೆಮಾಡುತ್ತದೆ. ಆದುದರಿಂದ ವೈದ್ಯರು ಆಡುವ ಮಾತನ್ನು ಅನುಭವಸ್ಥರೊಬ್ಬರು ಕೇಳಿ ತೂಗಬೇಕು. ರೋಗಿಗೆ ಏನು ಅರ್ಥವಾಯಿತೆಂಬುದನ್ನೂ ವಿಚಾರಿಸಬೇಕು.

ಬಡವರನ್ನು ಖರ್ಚಿನ ನೆಪದಿಂದ ಸಾವಿಗೆ ದೂಡುವ ದಾರಿ ಇದಾದೀತೆಂದು ಕೆಲವರು ಅಂಜುತ್ತಾರೆ. ಈ ಅಂಜಿಕೆಯು ನಿರಾಧಾರವಲ್ಲ. ಆದರೆ ಆ ಅಪಾಯವಿರುವುದು ಅರ್ಧ ಮಾತಿನಲ್ಲಿ, ಅವಸರದ ಸಹಿಯಲ್ಲಿ. ಯಂತ್ರವನ್ನು ಬೇಡವೆಂದವನಿಗೂ ನೋವನ್ನು ತಗ್ಗಿಸುವ, ಉಸಿರಿನ ಸಂಕಟವನ್ನು ನೀಗಿಸುವ ಆರೈಕೆಯು ತಪ್ಪಕೂಡದೆಂದು ತಿಳಿದು ಹೇಳಬಲ್ಲ ವೈದ್ಯನೇ ಬಡವನಿಗೆ ರಕ್ಷೆ.

ಕೋಲಾರ ಜಿಲ್ಲೆಯ ಹೋಬಳಿ ಆಸ್ಪತ್ರೆಗಳಿಂದಲೇ ಈ ಅಳತೆಯು ಮೊದಲಾಗಲಿ. ಬಳಿಕ ಶಿಕ್ಷಣ ಕೊಟ್ಟು, ಆರು ತಿಂಗಳಿಗೆ ಮತ್ತೆ ಅಳೆದು, ಎರಡು ಬಾರಿಯ ಅಂಕಗಳನ್ನೂ ಸರ್ಕಾರದವರು ಜನತೆಯ ಮುಂದಿಡಲಿ. ಹಕ್ಕನ್ನು ಕೊಟ್ಟವರು ಅದನ್ನು ತಿಳಿಸಿಹೇಳುವ ನಾಲಗೆಯನ್ನೂ ಸಿದ್ಧಪಡಿಸುವುದು ಅವರ ಕರ್ತವ್ಯವೆಂದು ನಾವು ಒತ್ತಿ ಹೇಳುತ್ತೇವೆ.