ಹದ್ದಿಗೆ ದಯೆ ಸಲ್ಲದೆ?

ಬಸದಿಯ ಪ್ರಾಕಾರದಲ್ಲಿ ಪಾರಿವಾಳವೊಂದು ಗಾಯಗೊಂಡು ಬಿದ್ದರೆ ಶ್ರಾವಕರ ಹತ್ತು ಕೈಗಳು ಮುಂದೆ ಚಾಚುತ್ತವೆ. ಅದೇ ಪ್ರಾಕಾರದಲ್ಲಿ ಮಾಂಜಾ ದಾರಕ್ಕೆ ರೆಕ್ಕೆ ಕೊಯ್ಸಿಕೊಂಡ ಹದ್ದು ಬಿದ್ದರೆ ಆ ಕೈಗಳೇ ಹಿಂದೆ ಸರಿಯುತ್ತವೆ. ‘ಮಾಂಸಾಹಾರಿ ಪಕ್ಷಿ, ಅದರ ಗೊಡವೆ ಬೇಡ’ ಎಂಬ ತೀರ್ಪು ಸಿದ್ಧವಾಗಿಯೇ ಇರುತ್ತದೆ. ಈ ತೀರ್ಪನ್ನು ಯಾವ ಆಗಮ ಕೊಟ್ಟಿತೆಂದು ಕೇಳುವವರು ವಿರಳ.

ದೆಹಲಿಯ ಕೆಂಪು ಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆ ಸಮಾಜದ ಹೆಮ್ಮೆ. ದಶಕಗಳಿಂದ ನಡೆದುಬಂದ ಆ ಸೇವೆಯನ್ನು ಹಳಿಯುವುದು ಕೃತಘ್ನತೆ. ಆದರೂ ಅಲ್ಲಿಯ ಒಂದು ಪದ್ಧತಿ ವಿಚಾರಾರ್ಹ: ಬೇಟೆಪಕ್ಷಿಗಳಿಗೆ ಹೊರರೋಗಿಗಳಾಗಿ ಚಿಕಿತ್ಸೆಯುಂಟು, ಒಳಗೆ ವಾಸವಿಲ್ಲ. ರೆಕ್ಕೆಯ ಮುರಿದ ಎಲುಬು ಕೂಡಲು ವಾರಗಳೇ ಬೇಕು. ಪಟ್ಟಿ ಕಟ್ಟಿಸಿಕೊಂಡ ಹದ್ದು ಅಲ್ಲಿಯವರೆಗೆ ಹೋಗುವುದೆಲ್ಲಿಗೆ? 2022ರಲ್ಲಿ ಸನ್‌ಡಾನ್ಸ್ ಮತ್ತು ಕಾನ್ ಚಿತ್ರೋತ್ಸವಗಳಲ್ಲಿ ಪ್ರಶಸ್ತಿ ಪಡೆದ ‘ಆಲ್ ದಟ್ ಬ್ರೀದ್ಸ್’ ಸಾಕ್ಷ್ಯಚಿತ್ರದ ಸಹೋದರರು, ಪಕ್ಷಿ ಆಸ್ಪತ್ರೆಯೊಂದು ಗಾಯಗೊಂಡ ಹದ್ದನ್ನು ಸೇರಿಸಿಕೊಳ್ಳದಿದ್ದಾಗ ತಾವೇ ಶುಶ್ರೂಷೆಗೆ ತೊಡಗಿದವರು. ದೆಹಲಿಯ ಮುಸ್ಲಿಂ ಮನೆಯೊಂದರ ನೆಲಮಾಳಿಗೆಯಲ್ಲಿ ನಡೆದ ಆ ಕಾರ್ಯ, ಜೀವದಯೆಯನ್ನು ಕುಲಧರ್ಮವೆನ್ನುವವರನ್ನು ನಾಚಿಸಬೇಕು.

ಆಹಾರದ ಮೇಲೆ ಪಕ್ಷಿಗಳನ್ನು ವಿಂಗಡಿಸುವ ವಾದ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಗುಬ್ಬಿ ಕಾಳು ತಿನ್ನುವ ಸಾಧುಪಕ್ಷಿಯೆನ್ನುತ್ತಾರೆ. ಅದು ತನ್ನ ಮರಿಗಳಿಗೆ ಉಣಿಸುವುದು ಹುಳುಗಳನ್ನು. ದಿಗಂಬರ ಮುನಿಗಳ ಪಿಂಛಿಗೆ ಗರಿ ಕೊಡುವ ನವಿಲು ಹಲ್ಲಿಯನ್ನೂ ಹಾವಿನ ಮರಿಯನ್ನೂ ನುಂಗುತ್ತದೆ. ನವಿಲನ್ನು ಅಪಾತ್ರವೆಂದವರಿಲ್ಲ. ರವಿಷೇಣಾಚಾರ್ಯರ ಪದ್ಮಪುರಾಣದ ಜಟಾಯು ಹದ್ದಿನ ಜಾತಿಯದೇ. ಮುನಿಗಳು ಅದನ್ನು ಅಟ್ಟಲಿಲ್ಲ, ಉಪದೇಶಿಸಿ ವ್ರತವಿತ್ತರು. ಅದರ ಅಂತ್ಯಕಾಲದಲ್ಲಿ ಪಂಚನಮಸ್ಕಾರ ಕೇಳಿಸಿದವನು ರಾಮ.

ಇಲ್ಲಿ ಒಂದು ಆಕ್ಷೇಪ ಮಾತ್ರ ತೂಕದ್ದು. ಹದ್ದನ್ನು ಉಳಿಸಲು ಅದಕ್ಕೆ ಮಾಂಸ ಬೇಕು. ವ್ರತಸ್ಥ ಶ್ರಾವಕ ಅದನ್ನು ಮುಟ್ಟಲಾರ. ಮುಟ್ಟೆಂದು ಒತ್ತಾಯಿಸುವುದೂ ಸಲ್ಲದು. ಅನ್ನ, ಹಾಲು ಹಾಕಿ ಹದ್ದನ್ನು ‘ಸಾತ್ವಿಕ’ವಾಗಿ ಸಾಕುತ್ತೇವೆಂಬ ಹಟವಂತೂ ಇನ್ನೂ ಕೆಟ್ಟದ್ದು, ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದೆಂಬುದನ್ನು ಮರೆಯಬಾರದು. ಆದರೆ ಉಣಿಸಲಾಗದು ಎಂಬುದರಿಂದ ಎತ್ತಲಾಗದು ಎಂಬುದು ಹೇಗೆ ಸಿದ್ಧವಾಗುತ್ತದೆ? ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ, ಸದ್ದಿಲ್ಲದೆ ಇರಿಸಿ ಅರಣ್ಯ ಇಲಾಖೆಗೋ ಬೆಂಗಳೂರಿನ ಕೆಂಗೇರಿಯಂಥ ಕಡೆಯಿರುವ ವನ್ಯಜೀವಿ ಚಿಕಿತ್ಸಾಲಯಕ್ಕೋ ಒಪ್ಪಿಸಲು ಯಾವ ವ್ರತವೂ ಅಡ್ಡಬಾರದು. ವಾಹನ, ಎಕ್ಸ್‌ರೇ, ಔಷಧ, ಹಾರಾಟ ಕಲಿಯುವ ದೊಡ್ಡ ಪಂಜರ, ಇವುಗಳಿಗೆಂದೇ ಗೊತ್ತುಪಡಿಸಿ ಟ್ರಸ್ಟುಗಳು ದ್ರವ್ಯ ಕೊಡಬಹುದು. 1972ರ ವನ್ಯಜೀವಿ ಕಾಯಿದೆಯಂತೆ ಇಂಥ ಜೀವಿ ಕೈಸೇರಿದರೆ 48 ಗಂಟೆಗಳೊಳಗೆ ತಿಳಿಸಲೇಬೇಕು. ಕೊಕ್ಕಿಗೆ ನೀರು ಹನಿಸುವ ಅತಿದಯೆಯೂ ಬೇಡ. ಪಕ್ಷಿಯ ಶ್ವಾಸದ್ವಾರ ನಾಲಗೆಯ ಬುಡದಲ್ಲೇ ಇರುವುದರಿಂದ ಹನಿಸಿದ ನೀರು ಶ್ವಾಸನಾಳಕ್ಕಿಳಿಯಬಹುದು.

ಹಾಗೆಯೇ, ಗರಿ ಬಲಿತು ನೆಲದಲ್ಲಿ ಕುಪ್ಪಳಿಸುವ ಮರಿಯೆಲ್ಲ ಅನಾಥವಲ್ಲ. ತಾಯಿ ಹತ್ತಿರದಲ್ಲೇ ಇದ್ದು ಉಣಿಸುತ್ತಿರುತ್ತದೆ; ಬೆಕ್ಕು ನಾಯಿಗಳನ್ನು ದೂರವಿಟ್ಟರೆ ಸಾಕು. ಗರಿಯಿಲ್ಲದ ಮರಿ ಬಿದ್ದಿದ್ದರೆ ಗೂಡಿಗೇ ಮರಳಿಸಬೇಕು. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ತೊರೆಯುತ್ತದೆಂಬುದು ಬರಿಯ ಮಾತು.

ಗಾಯಗೊಂಡ ಹದ್ದಿಗೆ ಇಲ್ಲದ ಹಣ ಬಿಡುಗಡೆಯ ಉತ್ಸವಕ್ಕೆ ಒದಗುವುದು ಇನ್ನೊಂದು ವಿಪರ್ಯಾಸ. ಪರ್ವದಿನಗಳಲ್ಲಿ ಗಿಳಿ, ರಾಟವಾಳಗಳನ್ನು ವ್ಯಾಪಾರಿಯಿಂದ ಕೊಂಡು ಹಾರಿಬಿಡುವುದು ಅಭಯದಾನವೆನಿಸಿಕೊಂಡಿದೆ. ದೇಶೀಯ ಕಾಡುಪಕ್ಷಿಗಳ ವ್ಯಾಪಾರ 1991ರಿಂದಲೇ ನಿಷಿದ್ಧ. ಕೊಟ್ಟ ಪ್ರತಿ ರೂಪಾಯಿಯೂ ಮುಂದಿನ ಬಲೆಗೆ ಬಂಡವಾಳ. ಕೊಳ್ಳುವವನಿಲ್ಲದಿದ್ದರೆ ಹಿಡಿಯುವವನೆಲ್ಲಿ? ಕೃತ, ಕಾರಿತ, ಅನುಮೋದಿತಗಳ ಲೆಕ್ಕದಲ್ಲಿ ಇದು ಕಾರಿತವಲ್ಲವೆ? ರೆಕ್ಕೆ ಕತ್ತರಿಸಿದ ಗಿಳಿಗೆ ಹಳೆಯ ಗರಿ ಉದುರಿ ಹೊಸದು ಬರುವವರೆಗೆ, ಅಂದರೆ ತಿಂಗಳುಗಟ್ಟಲೆ, ಹಾರಾಟವಿಲ್ಲ. ಬಿಡುಗಡೆಗೊಂಡದ್ದು ಬೀದಿ ಬೆಕ್ಕಿನ ಬಾಯಿಗೆ. ‘ಭಾವ ಶುದ್ಧವಾಗಿತ್ತು’ ಎಂಬ ಸಮಾಧಾನ ಸಾಲದು. ಪರಿಣಾಮವನ್ನು ತಿಳಿಯುವ ಅವಕಾಶವಿದ್ದೂ ವಿಚಾರಿಸದಿರುವುದಕ್ಕೆ ಶಾಸ್ತ್ರದಲ್ಲಿ ಪ್ರಮಾದವೆಂಬ ಹೆಸರಿದೆ, ಹಿಂಸೆಯ ಮೂಲ ಅದೇ.

ಗಾಜಿನ ಪುಡಿ ಲೇಪಿಸಿದ ದಾರವನ್ನೂ ನೈಲಾನ್ ಮಾಂಜಾವನ್ನೂ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ. ಆಷಾಢದ ಗಾಳಿಗೆ ಪಟ ಏರುವ ಮುನ್ನ ಪ್ರತಿ ಬಸದಿಯ ಆಡಳಿತ ಮಂಡಳಿಯೂ ಸಭೆ ಸೇರಲಿ. ಪಕ್ಷಿ ಖರೀದಿಗೆ ತೆಗೆದಿಟ್ಟ ಮೊತ್ತವನ್ನು ಚಿಕಿತ್ಸೆಯ ಖಾತೆಗೆ ವರ್ಗಾಯಿಸಿ, ಸಮೀಪದ ಪಕ್ಷಿವೈದ್ಯರ ದೂರವಾಣಿ ಸಂಖ್ಯೆಯನ್ನು ಮಹಾದ್ವಾರದ ಫಲಕದಲ್ಲಿ ಬರೆಸಲಿ.